ಎರಡು ತಿಂಗಳ ಅವಧಿ ಏತಕ್ಕೆ?

ತಿಪ್ಪೆಯ ಬದಿಯಲ್ಲೋ ಗುಡಿಯ ಜಗುಲಿಯ ಮೇಲೋ ಹಸುಳೆಯೊಂದು ದೊರೆಯಿತೆಂಬ ಸುದ್ದಿಯನ್ನು ವೃತ್ತಪತ್ರಿಕೆಗಳಲ್ಲಿ ನಾವು ಆಗಾಗ ಓದುತ್ತೇವೆ. ಓದಿ, ಕಾಣದ ಆ ತಾಯಿಯನ್ನು ಶಪಿಸಿ, ಪುಟ ತಿರುವುತ್ತೇವೆ. ಆಕೆ ಹದಿನಾರು ಹದಿನೇಳು ವರ್ಷದ ವಿದ್ಯಾರ್ಥಿನಿಯಾಗಿರಬಹುದೆಂಬುದು ನಮಗೆ ಹೊಳೆಯುವುದಿಲ್ಲ. ವಿಜ್ಞಾನದ ಪತ್ರಿಕೆಗೆ ಈ ವಿಷಯವೇಕೆಂದು ಕೆಲವರು ಕೇಳಬಹುದು. ಅಜ್ಞಾನದಿಂದ ಎರಡು ಜೀವಗಳಿಗೆ ಕೇಡಾಗುವಲ್ಲಿ ವಿಜ್ಞಾನವು ಮೌನವಾಗಿರುವುದು ತರವಲ್ಲವೆಂಬುದೇ ನಮ್ಮ ಉತ್ತರ.

ಎಳೆಯ ವಯಸ್ಸಿನ ಬಸಿರು ವಿರಳವಾದ ಸಂಗತಿಯೇನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 7 ಮಂದಿ ಆಗಲೇ ತಾಯಂದಿರಾಗಿದ್ದರು, ಇಲ್ಲವೆ ಗರ್ಭಿಣಿಯರಾಗಿದ್ದರು. ಅವರಲ್ಲಿ ಬಹುಮಂದಿ ಮದುವೆಯಾದವರು. ಮದುವೆಯಿಲ್ಲದೆ ಬಸಿರಾದವಳ ಪಾಡು ಇನ್ನೂ ಕಠಿನವಾದುದು.

ಮೈನೆರೆದೊಡನೆ ದೇಹವು ಹೆರಿಗೆಗೆ ಸಿದ್ಧವಾಯಿತೆಂಬ ನಂಬಿಕೆ ತಪ್ಪು. ಆಮೇಲೂ ಕೆಲವು ವರ್ಷ ಸೊಂಟದ ಮೂಳೆಗಳು ಬೆಳೆಯುತ್ತಲೇ ಇರುತ್ತವೆ. ಎಳೆಯ ತಾಯಿಗೆ ಗರ್ಭನಂಜು, ಸೋಂಕುಗಳ ಭಯ ಹೆಚ್ಚು. ಕೂಸು ದಿನ ತುಂಬುವ ಮೊದಲೇ, ತೂಕ ಕಡಮೆಯಾಗಿ ಹುಟ್ಟುವ ಸಂಭವವೂ ಹೆಚ್ಚು. ಬಸಿರನ್ನು ಮರೆಮಾಚಿದರಂತೂ ವೈದ್ಯರ ಕಣ್ಣಿಗೆ ಬೀಳದ ಬೇನೆಗೆ ಚಿಕಿತ್ಸೆಯೆಲ್ಲಿಯದು? ಹೊತ್ತು ಮೀರುವ ಮೊದಲೇ ವೈದ್ಯರನ್ನು ಕಂಡವಳಿಗೆ ಕಾನೂನುಬದ್ಧವಾದ ಗರ್ಭಪಾತದ ಮಾರ್ಗವೂ ಉಂಟು.

ಹೆತ್ತ ಕೂಸನ್ನು ಸಾಕಲಾಗದ ತಾಯಿಗೆ 2015ರ ಬಾಲನ್ಯಾಯ ಕಾಯಿದೆಯು ಗೌರವದ ದಾರಿಯೊಂದನ್ನು ತೆರೆದಿಟ್ಟಿದೆ. ಆಕೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಸಮಿತಿಯು ವಿಚಾರಣೆ ನಡೆಸಿ, ಆಪ್ತಸಲಹೆ ಕೊಡಿಸಿದ ಮೇಲೆಯೇ ಒಪ್ಪಿಗೆಯ ಪತ್ರಕ್ಕೆ ರುಜುವಾಗುವುದು. ಅನಂತರವೂ ಮನಸ್ಸು ಬದಲಾಯಿಸಲು ಎರಡು ತಿಂಗಳ ಅವಧಿಯುಂಟು. ಅದು ಕಳೆದ ಮೇಲಷ್ಟೇ ಕೂಸನ್ನು ದತ್ತು ಕೊಡುವ ಮಾತು.

ಈ ಅವಧಿಯು ಶರೀರವಿಜ್ಞಾನಕ್ಕೂ ಒಪ್ಪುವಂಥದು. ಗರ್ಭಕಾಲದಲ್ಲಿ ಏರಿದ್ದ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಹೆರಿಗೆಯಾದ ಕೆಲವೇ ದಿನಗಳಲ್ಲಿ ಥಟ್ಟನೆ ಇಳಿಯುತ್ತವೆ. ಮೈನೋವು, ನಿದ್ದೆಗೇಡು, ಹಾಲು ಕಟ್ಟಿದ ಎದೆ, ಕಾರಣ ತಿಳಿಯದ ಅಳು. ಅಂಥ ಹೊತ್ತಿನಲ್ಲಿ ಕೈಗೊಂಡ ನಿರ್ಧಾರವೇ ಜೀವಮಾನದ ಕಡೆಯ ನಿರ್ಧಾರವಾಗಬಾರದು. ಆದರೆ ಮನೆಯವರು ಮಾನಕ್ಕಂಜಿ ಆ ಎರಡು ತಿಂಗಳೂ ಹುಡುಗಿಯ ಬಾಯಿ ಕಟ್ಟಿದರೆ ಕಾಯಿದೆಯ ಮಾತು ಕಾಗದದಲ್ಲೇ ಉಳಿಯುತ್ತದೆ. ಕೂಸನ್ನು ಒಪ್ಪಿಸುವುದಾಗಲಿ ಇಟ್ಟುಕೊಳ್ಳುವುದಾಗಲಿ, ಮೊದಲು ಕೇಳಬೇಕಾದುದು ಹೆತ್ತವಳ ಮಾತನ್ನು. ಒಪ್ಪಿಸಿದವಳನ್ನು ಕಟುಕಿಯೆನ್ನುವುದೂ, ಇಟ್ಟುಕೊಂಡವಳನ್ನು ನಾಚಿಕೆಗೆಟ್ಟವಳೆನ್ನುವುದೂ ಒಂದೇ ಅವಿವೇಕದ ಎರಡು ಮುಖಗಳೆಂದು ನಾವು ತಿಳಿಯುತ್ತೇವೆ.

ಹದಿನೆಂಟು ತುಂಬದವಳೊಡನೆ ದೇಹಸಂಬಂಧವು 2012ರ ಪೋಕ್ಸೊ ಕಾಯಿದೆಯಂತೆ ಅಪರಾಧ. ಆ ಅಪರಾಧ ಅವಳದಲ್ಲ. ತರುಣ ವಾಚಕರು ಇದನ್ನು ನೆನಪಿನಲ್ಲಿಡಬೇಕು. ಗೆಳತಿಯೊಬ್ಬಳು ಇಂಥ ಸಂಕಟದಲ್ಲಿದ್ದರೆ ನಂಬಿಕೆಯ ಹಿರಿಯರಿಗೆ ತಿಳಿಸಿರಿ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ. ಹೆರಿಗೆಯ ತರುವಾಯ ಆಕೆ ಮರಳಿ ತರಗತಿಗೆ ಬಂದರೆ, ಏನನ್ನೂ ಕೆದಕಿ ಕೇಳದೆ, ಬೆಂಚಿನಲ್ಲಿ ಅವಳಿಗೆ ಸ್ಥಳ ಬಿಟ್ಟುಕೊಡಿರಿ.