ಹಿಮದಡಿಯ ಬಾಕಿ

1996ರಲ್ಲಿ ಕೆನಡಾದ ಒಟ್ಟಾವಾ ನಗರದಲ್ಲಿ ಉತ್ತರ ಧ್ರುವವಲಯದ ಎಂಟು ರಾಷ್ಟ್ರಗಳು ಕೂಡಿ ಆರ್ಕ್ಟಿಕ್ ಮಂಡಳಿಯನ್ನು ಸ್ಥಾಪಿಸಿದಾಗ, ಪರಿಸರದ ರಕ್ಷಣೆಯನ್ನೂ ಮೂಲನಿವಾಸಿಗಳ ಹಿತವನ್ನೂ ಕುರಿತು ಗಂಭೀರವಾದ ವಚನಗಳನ್ನಿತ್ತ ಆ ಘೋಷಣೆಗೆ ಒಂದು ಪುಟ್ಟ ಅಡಿಟಿಪ್ಪಣಿಯನ್ನೂ ಸೇರಿಸಿದವು. ಸೈನಿಕ ಭದ್ರತೆಯ ವಿಷಯಗಳನ್ನು ಮಂಡಳಿ ಕೈಗೆತ್ತಿಕೊಳ್ಳತಕ್ಕದ್ದಲ್ಲವೆಂಬುದೇ ಅದರ ತಾತ್ಪರ್ಯ. ಅಂದಿನ ರಾಜನೀತಿಜ್ಞರಿಗೆ ಇದು ವಿವೇಕವೆಂದೇ ತೋರಿದ್ದಿರಬೇಕು: ವೈರ ಹುಟ್ಟಿಸುವ ಮಾತನ್ನು ಹೊರಗಿರಿಸಿದರೆ ಮೀನು, ಮಂಜು, ಹಿಮಕರಡಿಗಳ ವಿಚಾರವನ್ನಾದರೂ ಸಮಾಧಾನದಿಂದ ಆಡಬಹುದಷ್ಟೆ. ಆದರೆ ಆ ಸೀಮೆಯ ನೆಲಜಲಗಳನ್ನು ಕೆಡಿಸಿದವರ ಮುಂದಿನ ಸಾಲಿನಲ್ಲಿ ಸೇನೆಗಳೇ ನಿಂತಿರುವಾಗ, ಅವನ್ನು ಬಿಟ್ಟು ಪರಿಸರವನ್ನು ಚರ್ಚಿಸುವುದು ಹೇಗೆಂಬುದು ನನಗೆ ಅರ್ಥವಾಗದು.

ಗ್ರೀನ್‌ಲ್ಯಾಂಡಿನ ವಾಯವ್ಯದಲ್ಲಿ 1959ರಿಂದ ಅಮೆರಿಕದ ಸೇನೆ ಹಿಮದ ಒಡಲನ್ನು ಕೊರೆದು ನಿರ್ಮಿಸಿದ ಕ್ಯಾಂಪ್ ಸೆಂಚುರಿ ಎಂಬ ನೆಲೆಯ ವೃತ್ತಾಂತವನ್ನೇ ನೋಡೋಣ. ಸುರಂಗಗಳೊಳಗೆ ವಸತಿ, ಭೋಜನಶಾಲೆ, ಆಸ್ಪತ್ರೆ. ಇವೆಲ್ಲಕ್ಕೂ ವಿದ್ಯುತ್ತನ್ನೊದಗಿಸಲು ಹೊತ್ತು ತಂದು ಜೋಡಿಸಿದ ಒಂದು ಚಿಕ್ಕ ಅಣುಸ್ಥಾವರ. ಲೋಕಕ್ಕೆ ಇದು ವಿಜ್ಞಾನಕೇಂದ್ರವೆಂದು ಪರಿಚಿತವಾಯಿತು. ಅದು ಪೂರ್ತಿ ಸುಳ್ಳೂ ಅಲ್ಲ, ಏಕೆಂದರೆ 1966ರಲ್ಲಿ ಅಡಿಯ ಬಂಡೆಯವರೆಗೆ, 1,300 ಮೀಟರಿಗೂ ಮಿಕ್ಕ ಆಳಕ್ಕೆ, ಕೊರೆದು ತೆಗೆದ ಹಿಮದಂಡವು ಪ್ರಾಚೀನ ಹವೆಯನ್ನು ಅರಿಯುವ ಶಾಸ್ತ್ರಕ್ಕೆ ಅಡಿಗಲ್ಲಾಯಿತು. ತೆರೆಯ ಹಿಂದಿದ್ದ ಸಂಕಲ್ಪವೇ ಬೇರೆ: ಸಾವಿರಾರು ಕಿಲೋಮೀಟರ್ ಸುರಂಗಗಳಲ್ಲಿ 600 ಕ್ಷಿಪಣಿಗಳನ್ನು ಬಚ್ಚಿಡುವ ‘ಐಸ್‌ವರ್ಮ್’ ಯೋಜನೆಗೆ ಇದು ಪರೀಕ್ಷಾರಂಗ, ನೆಲದ ಒಡೆಯನಾದ ಡೆನ್ಮಾರ್ಕಿಗೆ ಅದನ್ನು ತಿಳಿಸಿಯೇ ಇರಲಿಲ್ಲ. ಹಿಮವಾದರೋ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಸುರಂಗಗಳು ಕುಗ್ಗತೊಡಗಲು ಸ್ಥಾವರವನ್ನು ಕಳಚಿ ಒಯ್ದರು, 1967ರಲ್ಲಿ ನೆಲೆಯನ್ನೇ ತೊರೆದರು. ಸುಮಾರು 2 ಲಕ್ಷ ಲೀಟರ್ ಡೀಸೆಲ್, ಕೊಳಚೆನೀರು, ಪಿಸಿಬಿ ಎಂಬ ವಿಷರಾಸಾಯನಿಕ, ಒಂದಿಷ್ಟು ವಿಕಿರಣಶೀಲ ತ್ಯಾಜ್ಯ, ಇವೆಲ್ಲವನ್ನೂ ಹಿಮವೇ ಎಂದೆಂದಿಗೂ ಮುಚ್ಚಿಕೊಂಡಿರುತ್ತದೆಂದು ಬಗೆದು ಬಿಟ್ಟುಹೋದರು.

ಈ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ಬೀಳುವ ಹಿಮಕ್ಕಿಂತ ಕರಗುವುದೇ ಹೆಚ್ಚಾಗಬಹುದೆಂದು 2016ರ ಅಧ್ಯಯನವೊಂದು ಎಚ್ಚರಿಸಿತು. 2100ರೊಳಗೆ ಕರಗುನೀರು ಆ ತ್ಯಾಜ್ಯವಿರುವ ಆಳಕ್ಕೆ ಇಳಿಯಲಾರದೆಂಬುದು ಅನಂತರದ ಅಳತೆಗಳ ಮಾತು. ನೆಮ್ಮದಿಯ ಸುದ್ದಿಯೇ ಸರಿ. ಆದರೂ ಗಡುವು ಮುಂದೆ ಹೋದ ಮಾತ್ರಕ್ಕೆ ಸಾಲ ತೀರಿತೆನ್ನಲಾದೀತೆ? ಈ ನೆಲೆಗೆ ಆಸರೆಯಾಗಿದ್ದ ಥೂಲೆ ಎಂಬ ಅಮೆರಿಕದ ವಾಯುನೆಲೆಯ ಬಳಿ, 1968ರ ಜನವರಿ 21ರಂದು, ನಾಲ್ಕು ಜಲಜನಕ ಬಾಂಬುಗಳನ್ನು ಹೊತ್ತ ಬಿ-52 ವಿಮಾನ ಕಡಲಮಂಜಿನ ಮೇಲೆ ಬಿದ್ದು ಪ್ಲುಟೋನಿಯಂ ಚೆಲ್ಲಿತು. ತನ್ನ ನೆಲದಲ್ಲಿ ಅಣ್ವಸ್ತ್ರ ಕೂಡದೆಂಬುದು ಆಗ ಡೆನ್ಮಾರ್ಕಿನ ಘೋಷಿತ ನೀತಿ. ಥೂಲೆಯ ನೆಲೆಗಾಗಿ 1953ರಲ್ಲಿ ಇನ್ಯೂಯಿಟ್ ಬೇಟೆಗಾರರ ಕುಟುಂಬಗಳನ್ನು ಅವರ ವಸತಿಯಿಂದ ಎಬ್ಬಿಸಿ ದೂರದ ಕಾನಾಕಿಗೆ ಕಳುಹಿಸಿದ್ದೂ ಉಂಟು.

ಎದುರು ಪಕ್ಷದ ಕೈಯೇನೂ ಶುಚಿಯಲ್ಲ. ನೋವಾಯಾ ಜೆಮ್ಲ್ಯಾದ ಮೇಲೆ 1961ರಲ್ಲಿ 50 ಮೆಗಾಟನ್ನಿನ ಬಾಂಬನ್ನು ಸಿಡಿಸಿದ ಸೋವಿಯತ್ ಒಕ್ಕೂಟವು 1982ರಲ್ಲಿ ಕೆ-27 ಎಂಬ ಜಲಾಂತರ್ಗಾಮಿಯನ್ನು ಅಣು ಇಂಧನದ ಸಮೇತ ಕಾರಾ ಸಮುದ್ರದಲ್ಲಿ ಮುಳುಗಿಸಿತು. 2003ರಲ್ಲಿ ರಷ್ಯಾದ ಕೆ-159 ಜಲಾಂತರ್ಗಾಮಿ ಬ್ಯಾರೆಂಟ್ಸ್ ಸಮುದ್ರದಲ್ಲಿ ತಾನಾಗಿಯೇ ಮುಳುಗಿತು.

ಇಷ್ಟಾಗಿ ಆ ಅಡಿಟಿಪ್ಪಣಿ ಮಂಡಳಿಯನ್ನಾದರೂ ಕಾಪಾಡಿತೆ? 2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ಏರಿಹೋದೊಡನೆ ಉಳಿದ ಏಳು ರಾಷ್ಟ್ರಗಳು ಸಭೆಗಳಿಂದ ಹಿಂದೆಗೆದವು. ಫಿನ್‌ಲೆಂಡ್, ಸ್ವೀಡನ್‌ಗಳು ನೇಟೋ ಸೇರಿದ ಮೇಲಂತೂ ಆ ಏಳೂ ಒಂದೇ ಸೈನಿಕ ಕೂಟದವಾಗಿವೆ. ಇದಕ್ಕೆ ವ್ಯತಿರಿಕ್ತವಾಗಿ, ಅದೇ 1996ರಲ್ಲಿ ನಾರ್ವೆ, ರಷ್ಯಾ, ಅಮೆರಿಕಗಳ ರಕ್ಷಣಾ ಮಂತ್ರಿಗಳು ಸೈನಿಕ ತ್ಯಾಜ್ಯದ ವಿಷಯದಲ್ಲೇ ಸಹಕರಿಸಲು ಒಪ್ಪಿದ್ದರು. ಮುಂದೆ ಕ್ರಿಮಿಯಾದ ಕಹಿಯ ನಡುವೆಯೂ, 2017ರಲ್ಲಿ, ರಷ್ಯಾದ ಆಂದ್ರೇಯೆವಾ ಕೊಲ್ಲಿಯಲ್ಲಿ ಕೂಡಿಬಿದ್ದಿದ್ದ ಜಲಾಂತರ್ಗಾಮಿಗಳ ಅಣು ಇಂಧನದ ಸಾಗಣೆ ನಾರ್ವೆಯ ನೆರವಿನಿಂದ ಆರಂಭವಾಯಿತು. ಸೇನೆಯ ಹೆಸರೆತ್ತಿದರೆ ಸಹಕಾರ ಕೆಡುತ್ತದೆಂಬ ವಾದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. 2013ರಿಂದ ವೀಕ್ಷಕ ಸ್ಥಾನದಲ್ಲಿರುವ ಭಾರತಕ್ಕೆ ಅಲ್ಲಿ ಮತವಿಲ್ಲ. ಆದರೂ ಸೈನಿಕ ತ್ಯಾಜ್ಯದ ಪಟ್ಟಿಯೊಂದು ಸಿದ್ಧವಾಗಲೆಂದು ಸೂಚಿಸಲು ಅಡ್ಡಿಯೇನು? ಗ್ರೀನ್‌ಲ್ಯಾಂಡ್ ತಮ್ಮ ಭದ್ರತೆಗೆ ಅನಿವಾರ್ಯವೆಂಬ ಮಾತು ವಾಷಿಂಗ್ಟನ್ನಿನಿಂದ ಮತ್ತೆ ಮತ್ತೆ ಕೇಳಿಬರುತ್ತಿರುವಾಗ, ಹೊಸ ನೆಲೆಗೆ ಸ್ಥಳ ಬೇಡುವ ಮುನ್ನ ಹಳೆಯದನ್ನು ಯಾರ ವೆಚ್ಚದಲ್ಲಿ, ಯಾವ ವರ್ಷ ತೆರವು ಮಾಡುವಿರೆಂದು ನೂಕ್ ನಗರದಲ್ಲಿರುವ ಗ್ರೀನ್‌ಲ್ಯಾಂಡ್ ಸರ್ಕಾರ ಲಿಖಿತ ಉತ್ತರವನ್ನೇ ಕೇಳಬೇಕು.