ಯೆಜ್ಡಿ ಬೇಕು, ಯಾದವಗಿರಿ ಬೇಡ

ಜುಲೈ ತಿಂಗಳ ಎರಡನೇ ಭಾನುವಾರ ಬಂತೆಂದರೆ ನನ್ನ ಮೊಬೈಲಿನ ತುಂಬಾ ಹೊಗೆ. ಜಾವಾ-ಯೆಜ್ಡಿ ದಿನ ನೋಡಿ. ಮೆರೂನ್ ಟ್ಯಾಂಕು, ಕನ್ನಡಿಯಂಥ ಕ್ರೋಮು, ಜೋಡಿ ಸೈಲೆನ್ಸರು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ನಿಂತ ನಮ್ಮ ಸಾಫ್ಟ್‌ವೇರ್ ಮಿತ್ರರು. ಕೆಳಗೆ ಎಲ್ಲರದ್ದೂ ಒಂದೇ ಒಕ್ಕಣೆ: "ಆಗಿನ ಕಾಲದ ಗಟ್ಟಿ ಮಾಲು ಗುರು, ಈಗೆಲ್ಲಿ ಬರುತ್ತೆ?"

ನನ್ನ ತಕರಾರು ಇರುವುದೇ ಈ ಪ್ರಶ್ನೆಯ ಬಗ್ಗೆ. ಈಗೆಲ್ಲಿ ಬರುತ್ತೆ ಅಂತ ನಿಟ್ಟುಸಿರು ಬಿಡೋ ಜನ, ಆಗ ಎಲ್ಲಿಂದ ಬರ್ತಿತ್ತು ಅಂತ ಮಾತ್ರ ಕೇಳೋದಿಲ್ಲ. ಮೈಸೂರಿನ ಯಾದವಗಿರಿಯಿಂದ ಬರ್ತಿತ್ತು ಸ್ವಾಮಿ. ಪಾರ್ಸಿ ಉದ್ಯಮಿಗಳಾದ ಇರಾನಿಯವರು, ಮಹಾರಾಜ ಜಯಚಾಮರಾಜ ಒಡೆಯರ ಬೆಂಬಲ ಪಡೆದು, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ತಂತ್ರಜ್ಞಾನ ತಂದು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ. 1961ರಲ್ಲಿ ಗಾಡಿ ಹೊರಬರಲು ಶುರುವಾಯಿತು. 1973ರಲ್ಲಿ ಜಾವಾ ಹೋಗಿ ಯೆಜ್ಡಿ ಅನ್ನೋ ಹೆಸರು ಬಂತು, ಇರಾನಿನ ಯಜ್ದ್ ಊರಿನ ನೆನಪಿಗೆ. 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಬೀಗ. ಮೂವತ್ತೈದು ವರ್ಷದ ಒಂದು ಊರಿನ ದುಡಿಮೆ. ನಮ್ಮ ಅಭಿಮಾನಿಗಳ ಫೋಟೋದಲ್ಲಿ ಇದರ ಬಗ್ಗೆ ಒಂದು ಸಾಲೂ ಇರೋದಿಲ್ಲ.

ನಾನು ದಂಡಿಗನಹಳ್ಳಿ ಕಡೆಯವನು. ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಹೋದರೆ ಮೈಸೂರು ಎರಡು-ಎರಡೂವರೆ ಗಂಟೆ ದಾರಿ. ನಮ್ಮ ಕಡೆ ಯೆಜ್ಡಿ ಶೋಕಿ ಗಾಡಿ ಆಗಿರಲಿಲ್ಲ, ಎತ್ತಿನ ಹಾಗೆ ದುಡಿಯೋ ಗಾಡಿ. ನಮ್ಮ ದೊಡ್ಡಪ್ಪ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಹೋಗೋರು, ವಾಪಸ್ ಬರುವಾಗ ಅದರ ಮೇಲೆ ಬೂಸಾ ಮೂಟೆ. ಆಲೂಗಡ್ಡೆ ಕಾಲದಲ್ಲಿ ಔಷಧಿ ಡಬ್ಬ, ಹಬ್ಬಕ್ಕೆ ಹೋಗುವಾಗ ದೊಡ್ಡಮ್ಮ, ಇಬ್ಬರು ಮಕ್ಕಳು, ಟ್ಯಾಂಕಿನ ಮೇಲೆ ನಾನು. ಕಿಕ್ ಹೊಡೆದ ಲಿವರನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರು. ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದಿತ್ತು. ಚನ್ನರಾಯಪಟ್ಟಣದ ಮೆಕ್ಯಾನಿಕ್ ಒಬ್ಬರು ಗಾಡಿ ಅಂಗಡಿ ಮುಂದೆ ನಿಲ್ಲೋ ಮೊದಲೇ ಸದ್ದು ಕೇಳಿ, "ಪಾಯಿಂಟ್ ಸವ್ದೋಗೈತೆ ಗೌಡ್ರೇ" ಅನ್ನೋರು. ಪಕ್ಕದ ಜಿಲ್ಲೆಯ ಕಾರ್ಖಾನೆಯ ಗಾಡಿ, ಪಕ್ಕದ ಪೇಟೆಯಲ್ಲಿ ರಿಪೇರಿ. ಇದನ್ನ ನಾನು ಕೈಗಾರಿಕೆ ಅಂತೀನಿ. ಒಂದು ಗಾಡಿಯ ಸುತ್ತ ಹಳ್ಳಿ, ಪೇಟೆ, ಪಟ್ಟಣ ಮೂರೂ ಅನ್ನ ತಿನ್ನೋದು.

ಸರಿ, ಯಾಕೆ ಮುಚ್ಚಿತು? ಅಭಿಮಾನಿಗಳನ್ನ ಕೇಳಿ, ಉತ್ತರ ಬಾಯಿಪಾಠ. "ಜಪಾನಿನವರು ಬಂದರು, ಸರ್ಕಾರ ಹೊಗೆ ನಿಯಮ ತಂತು, ಪಾಪ ನಮ್ಮ ಗಾಡಿಯನ್ನ ಕೊಂದರು." ಅರ್ಧ ಸತ್ಯ. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100 ಬಂದದ್ದು ನಿಜ. ಲೀಟರಿಗೆ ಮೂವತ್ತರ ಆಸುಪಾಸು ಕೊಡೋ ಯೆಜ್ಡಿ ಪಕ್ಕದಲ್ಲಿ ಅದರ ಎರಡರಷ್ಟು ದಾಟಿ ಓಡೋ ಹೀರೋ ಹೋಂಡಾ ನಿಂತರೆ, ಹಾಲು ಹಾಕೋ ರೈತ ಯಾವುದನ್ನ ಕೊಳ್ತಾನೆ? 1991ರಲ್ಲಿ ಮೊದಲು, 1996ರಲ್ಲಿ ಇನ್ನೂ ಬಿಗಿಯಾಗಿ ಹೊಗೆ ನಿಯಮ ಬಂದದ್ದೂ ನಿಜ.

ಆದರೆ ಇನ್ನರ್ಧ ಕೇಳಿ. ಆರ್‌ಎಕ್ಸ್ 100 ಕೂಡ ಟೂ ಸ್ಟ್ರೋಕ್ ಗಾಡಿಯೇ, ಅದೂ 1996ರಲ್ಲೇ ನಿಂತಿತು. ಅದನ್ನ ಮಾಡ್ತಿದ್ದವರು ಬೀಗ ಹಾಕಲಿಲ್ಲ, ಯಾಕಂದ್ರೆ ಮುಂದಿನ ಮಾದರಿ ಕೈಯಲ್ಲಿತ್ತು. ಮದ್ರಾಸಿನ ಬುಲೆಟ್ ಕಾರ್ಖಾನೆ 2000ದ ಹೊತ್ತಿಗೆ ಇವತ್ತೋ ನಾಳೆಯೋ ಅನ್ನೋ ಸ್ಥಿತಿಯಲ್ಲಿತ್ತು, ಹಳೇ ಚಹರೆಯೊಳಗೆ ಹೊಸ ಎಂಜಿನ್ ಕೂರಿಸಿ ಬದುಕಿಕೊಂಡಿತು. ಮೈಸೂರಿನಲ್ಲಿ ಹೆಸರು ಬದಲಾಯಿತು, ಸ್ಟಿಕರ್ ಬದಲಾಯಿತು, ಒಳಗಿನ ಜೀವ ಮಾತ್ರ ಹೆಚ್ಚುಕಮ್ಮಿ ಅದೇ ಉಳೀತು. ಎಷ್ಟು ಗಾಡಿ ಮಾಡಬೇಕು ಅನ್ನೋದಕ್ಕೂ ದಿಲ್ಲಿಯ ಲೈಸೆನ್ಸು ಬೇಕಿದ್ದ ಕಾಲದಲ್ಲಿ, ಪೈಪೋಟಿಯೇ ಇಲ್ಲದ ಸಂತೆಯಲ್ಲಿ, ಬದಲಾಗೋ ಅಭ್ಯಾಸವೇ ಯಾರಿಗೂ ಬೆಳೆಯಲಿಲ್ಲ. ಕಂತೆ ಗಟ್ಟಿಯಾಗಿತ್ತು, ನಿಜ. ಗಟ್ಟಿಯಾಗಿದ್ದದ್ದೇ ಸಾಕು ಅಂದುಕೊಂಡದ್ದು ಮುಳುವಾಯಿತು.

ಈ ಭಾಗ ಅಭಿಮಾನಿಗಳಿಗೆ ರುಚಿಸೋದಿಲ್ಲ. ಏನೂ ಬದಲಾಗದೆ ಇದ್ದದ್ದನ್ನೇ ಅವರು ಪ್ರೀತಿಸ್ತಿರೋದು.

ಈಗ ಪ್ರೀತಿಯ ಲೆಕ್ಕ ನೋಡೋಣ. ನಮ್ಮ ಹೋಬಳಿಯ ಕೊಟ್ಟಿಗೆಗಳಲ್ಲಿ ತೆಂಗಿನ ಗರಿಯ ಅಡಿ ಮಲಗಿದ್ದ ಗಾಡಿಗಳನ್ನ ದಲ್ಲಾಳಿಗಳು ಗುಜರಿ ರೇಟಿಗೆ ಎತ್ತಿಕೊಂಡು ಹೋದರು. ಬೆಂಗಳೂರಿಗೆ ಬಂದು, ಬಣ್ಣ ಬಳಿದುಕೊಂಡು, ಅದೇ ಗಾಡಿ ಲಕ್ಷದ ಮಾತಾಡುತ್ತೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ನಿಯಮವನ್ನೂ ಮಾಡಿದೆ. ಐವತ್ತು ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿದರೆ 'ವಿಎ' ಅಕ್ಷರದ ವಿಶೇಷ ನಂಬರು. ಆದರೆ ಅದನ್ನ ದಿನನಿತ್ಯ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಅದಕ್ಕೆ ಬೇಕಾದ ಪೆಟ್ರೋಲು-ರಿಪೇರಿ ಅಷ್ಟೇ. ಅಂದರೆ ಹಾಲಿನ ಕ್ಯಾನು ಹೊತ್ತ ಗಾಡಿ ಗೌರವ ಬೇಕಾದರೆ ಕ್ಯಾನು ಇಳಿಸಬೇಕು. ದುಡಿಮೆ ಬಿಟ್ಟ ಮೇಲೆ ಮಾನ!

ಕಾರ್ಖಾನೆಯ ಕಥೆ ಕೇಳಿ. ಕಂಪನಿ ಲಿಕ್ವಿಡೇಟರ್ ಕೈಗೆ ಹೋಯಿತು. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರಿನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನ ಮತ್ತೆ ರಸ್ತೆಗಿಳಿಸಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇಡೋ ಹಳೇ ಚಂದವನ್ನೂ ಉಳಿಸಿಕೊಂಡರು. ಗಾಡಿ ತಯಾರಾಗೋದು ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ಡಿ ಅನ್ನೋ ಹೆಸರು ಯಾರದ್ದು ಅಂತ ಕರ್ನಾಟಕ ಹೈಕೋರ್ಟಿನಲ್ಲಿ ವ್ಯಾಜ್ಯ ನಡೀತು. 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಅದು ಹಳೇ ಕಂಪನಿಯದ್ದೇ ಅಂದಿತು, ಅದರ ಮೇಲೆ ಮೇಲ್ಮನವಿ ಹೋಯಿತು. ನನಗೆ ಯಾರ ಮೇಲೂ ದ್ವೇಷವಿಲ್ಲ, ವ್ಯಾಪಾರ ಅಂದಮೇಲೆ ಇದೆಲ್ಲ ಇದ್ದದ್ದೇ. ಆದರೆ ಗಮನಿಸಿ: ಹೆಸರಿಗೆ ವಾರಸುದಾರರು ಇಬ್ಬರು, ಯಾದವಗಿರಿಯ ಕೆಲಸಕ್ಕೆ ಒಬ್ಬರೂ ಇಲ್ಲ.

ಇದು ನಮ್ಮೊಬ್ಬರ ರೋಗ ಅಂತಲ್ಲ. ಅಮೆರಿಕದ ಡೆಟ್ರಾಯಿಟ್ ನೋಡಿ. ಪ್ರತಿ ಆಗಸ್ಟಿನಲ್ಲಿ ಅಲ್ಲಿನ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೇ ಮಸ್ಟಾಂಗ್, ಶೆವರ್ಲೆ, ಕ್ಯಾಡಿಲಾಕ್‌ಗಳ ಜಾತ್ರೆ. 1995ರಿಂದ ನಡೀತಿದೆ, ಲಕ್ಷಗಟ್ಟಲೆ ಜನ ಸೇರ್ತಾರೆ. ಆ ಜಾತ್ರೆ ನಡೀತಾ ಇದ್ದ ಹಾಗೇ, 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಊರಿನ ಜನಸಂಖ್ಯೆ ಏಳು ಲಕ್ಷಕ್ಕಿಂತ ಕೆಳಗಿಳೀತು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಹಳೇ ಕಾರಿಗೆ ಹೊಡೆದ ಚಪ್ಪಾಳೆಯಿಂದ ಒಂದು ಕಾರ್ಖಾನೆಯ ಬಾಗಿಲೂ ತೆರೆಯಲಿಲ್ಲ. ಆದರೆ ಅದೇ ದೇಶದ ಸೌತ್‌ಬೆಂಡ್‌ನಿಂದ ಕಲಿಯೋದೂ ಇದೆ. 1963ರ ಡಿಸೆಂಬರಿನಲ್ಲಿ ಅಲ್ಲಿ ಸ್ಟುಡಿಬೇಕರ್ ಕಾರಿನ ತಯಾರಿ ನಿಂತಿತು. ಊರು ಕಾರುಗಳ ಜೊತೆಗೆ ಕಂಪನಿಯ ನಕ್ಷೆ, ಕಾಗದಪತ್ರಗಳನ್ನೂ ಮ್ಯೂಸಿಯಮ್ಮಿನಲ್ಲಿ ಕಾಪಾಡಿಕೊಂಡಿದೆ.

ನಮ್ಮಲ್ಲಿ? ಎಚ್ಎಂಟಿ ವಾಚು ನೆನಪಿಸಿಕೊಳ್ಳಿ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಾಗ ಏನಾಯಿತು? ಕೀಲಿ ಕೊಡೋ ವಾಚಿಗೆ ಎಲ್ಲಿಲ್ಲದ ಬೇಡಿಕೆ! ತುಮಕೂರಿನ ಕಾರ್ಖಾನೆ ಕುಂಟುತ್ತಾ ಇದ್ದಷ್ಟೂ ದಿನ ಕೊಳ್ಳದವರು, ಮುಚ್ಚಿದ ಮೇಲೆ ಪೈಲಟ್ ಬೇಕು, ಜನತಾ ಬೇಕು ಅಂತ ಹುಡುಕಾಡಿದರು. ಇದ್ದಾಗ ಗಂಜಿ ಹಾಕದವರು ತಿಥಿಯ ದಿನ ವಡೆ ಪಾಯಸ ಬಡಿಸೋದು ಅಂದ್ರೆ ಇದೇ.

"ಹೋಗ್ಲಿ ಬಿಡಿ ಸಾರ್, ಶೋಕಿ ಶೋಕಿಯಾಗಿರಲಿ, ಭಾನುವಾರ ಬೈಕ್ ಓಡಿಸೋಕೂ ಅರ್ಥಶಾಸ್ತ್ರ ಬೇಕಾ?" ಅಂತೀರಿ. ಓಡಿಸಿ, ಧಾರಾಳವಾಗಿ ಓಡಿಸಿ. ಗಾಡಿಗಳನ್ನ ಜೋಪಾನ ಮಾಡಿರೋರು ನೀವೇ, ಅದಕ್ಕೆ ಕೈಮುಗಿತೀನಿ. ಆದರೆ "ಮೈಸೂರಿನ ಹೆಮ್ಮೆ" ಅಂತ ಬ್ಯಾನರ್ ಕಟ್ಟಿದ ಕ್ಷಣಕ್ಕೆ ಅದು ಬರೀ ಶೋಕಿಯಾಗಿ ಉಳಿಯೋದಿಲ್ಲ. ಊರಿನ ಹೆಸರು ಬಳಸ್ತೀರಿ ಅಂದಮೇಲೆ ಊರಿನ ಋಣವೂ ಇದೆ.

ಋಣ ತೀರಿಸೋದು ಕಷ್ಟವೇನಲ್ಲ. ಕಾರ್ಖಾನೆಗೆ ಇಪ್ಪತ್ತರ ಹರೆಯದಲ್ಲಿ ಸೇರಿದ ಮೊದಲ ತಲೆಮಾರು ಈಗ ಎಂಬತ್ತು ದಾಟಿದೆ. ಮುಂದಿನ ಜುಲೈಗೆ ಅಂಥವರ ಮನೆಗೆ ಹೋಗಿ, ಮೊಬೈಲ್ ಆನ್ ಮಾಡಿ, ಒಬ್ಬೊಬ್ಬರ ಮಾತು ದಾಖಲಿಸಿ. ಎರಕದ ಶಾಪ್‌ನಲ್ಲಿ ಏನು ಮಾಡ್ತಿದ್ರಿ, ಯಾವಾಗ ಅನುಮಾನ ಬಂತು, ಮುಚ್ಚಿದ ಮೇಲೆ ಮನೆ ಹೇಗೆ ನಡೀತು, ಕೇಳಿ. ಸಿಕ್ಕ ಕಾಗದ ಪತ್ರ ಒಂದೆಡೆ ಸೇರಿಸಿ. ನಿಮ್ಮ ಗಾಡಿ ಎದ್ದು ನಿಲ್ಲಿಸಿದ ಮೆಕ್ಯಾನಿಕ್ ಹತ್ತಿರ ಇಬ್ಬರು ಹುಡುಗರು ಸಂಬಳ ತಗೊಂಡು ಕೆಲಸ ಕಲಿಯೋ ಹಾಗೆ ಕ್ಲಬ್ಬಿನಿಂದ ದುಡ್ಡು ಹೊಂದಿಸಿ. ಟ್ಯಾಂಕಿಗೆ ಮೂರನೇ ಸಲ ಕ್ರೋಮ್ ಮಾಡಿಸೋ ಖರ್ಚಿನಲ್ಲಿ ಆಗೋ ಕೆಲಸ ಇದು.

ಇನ್ನೊಂದು ಮಾತು, ಇದು ಯೆಜ್ಡಿ ಇಲ್ಲದವರಿಗೂ ಸೇರಿದ್ದು. ಮೈಸೂರಲ್ಲಿ ಈಗಲೂ ದ್ವಿಚಕ್ರ ವಾಹನ ತಯಾರಾಗುತ್ತೆ, ನಂಜನಗೂಡು ರಸ್ತೆಯ ಟಿವಿಎಸ್ ಕಾರ್ಖಾನೆಯಲ್ಲಿ. ಅದರ ಗೇಟಿನ ಮುಂದೆ ಯಾರೂ ಸೆಲ್ಫಿ ತೆಗೆಯೋದಿಲ್ಲ. ಬೆಂಗಳೂರಿನ ಏಥರ್ ಎಲೆಕ್ಟ್ರಿಕ್ ಸ್ಕೂಟರು ದೊಡ್ಡ ಕಾರ್ಖಾನೆ ಹಾಕಿದ್ದು ಗಡಿಯಾಚೆ ಹೊಸೂರಿನಲ್ಲಿ. ಯಾಕೆ ಅಂತ ನಮ್ಮ ಮಂತ್ರಿಗಳನ್ನ ಎಷ್ಟು ಜನ ಕೇಳಿದ್ವಿ? ಬದುಕಿರೋ ಕೈಗಾರಿಕೆ ನಮಗೆ ಬೋರು. ಸತ್ತು ಇಪ್ಪತ್ತೈದು ವರ್ಷ ಆದಮೇಲೆ ಅದಕ್ಕೊಂದು ಕ್ಲಬ್ ಕಟ್ಟೋಣ ಅಂತ ಕಾಯ್ತಾ ಇರ್ತೀವಿ.

ನಾವು ಕೂತಿರೋ ಐಟಿ ಪಾರ್ಕಿಗೂ ಯಾರೂ ಅಮರಪಟ್ಟ ಬರೆದುಕೊಟ್ಟಿಲ್ಲ. ಗೊತ್ತಿರೋದನ್ನೇ ಗಟ್ಟಿಯಾಗಿ ಮಾಡ್ತಾ ಕೂತರೆ ಸಾಕು ಅಂತ ಯಾದವಗಿರಿಯಲ್ಲೂ ಅಂದುಕೊಂಡಿದ್ದರು. ನಾಳೆ ನಮ್ಮ ಕೀಬೋರ್ಡುಗಳನ್ನ ಯಾರೋ ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಕಪ್ಪು ಕನ್ನಡಕ ಹಾಕಿ ನಿಂತು "ಗಟ್ಟಿ ಮಾಲು ಗುರು" ಅಂದಾಗ, ಕೂತು ಕುಟ್ಟಿದವರು ಯಾರು ಅಂತ ಅವರಾದರೂ ಕೇಳಲಿ.