ಹಾರ್ಪ್ ಬರೀ ದೇವದೂತರ ಕೈಯ ವಾದ್ಯವಲ್ಲ

ದೇವದೂತರ ಕೈಯಲ್ಲಿ ಹಾರ್ಪ್ ಇರುವ ಚಿತ್ರವನ್ನು ನಾವೆಲ್ಲರೂ ನೋಡಿದ್ದೇವೆ. ಸೌಲನ ಮನಸ್ಸು ಕದಡಿದಾಗ ದಾವೀದನು ನುಡಿಸಿದ ಕಿನ್ನರಿಯೂ ಇದರ ಹಳೆಯ ಬಳಗವೇ. ಅದೇ ಹಾರ್ಪನ್ನು ಇಂದಿನ ಜಾಝ್ ಸಂಗೀತದ ನಡುವೆ ತಂದು ನಿಲ್ಲಿಸಿರುವವರು ಅಮೆರಿಕದ ಬ್ರ್ಯಾಂಡೀ ಯಂಗರ್. 1983ರಲ್ಲಿ ಜನಿಸಿದ ಈ ಕಪ್ಪು ಜನಾಂಗದ ಕಲಾವಿದೆಯ ರಚನೆಯೊಂದು 2022ರ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತ್ತು.

ಇದರಲ್ಲಿ ಅಂಥದ್ದೇನು ವಿಶೇಷ ಎಂದು ಕೇಳಬಹುದು. ಪಿಯಾನೊದಲ್ಲಿ ಅರ್ಧಸ್ವರಗಳಿಗೆ ಕಪ್ಪು ಮನೆಗಳಿವೆ. ಹಾರ್ಪಿನ 47 ತಂತಿಗಳಲ್ಲಿ ಅಂಥ ಅನುಕೂಲವಿಲ್ಲ. ಬುಡದಲ್ಲಿ ಏಳು ಸ್ವರಗಳಿಗೆ ಏಳು ಪೆಡಲುಗಳು, ಒಂದೊಂದಕ್ಕೂ ಮೂರು ಸ್ಥಾನಗಳು. ಸ್ವರ ಬದಲಾಗಬೇಕಾದರೆ ಕಾಲು ಕೆಲಸ ಮಾಡಬೇಕು. ಜಾಝ್‌ನಲ್ಲೋ ಕಾರ್ಡುಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಅದೂ ಮನೋಧರ್ಮದಂತೆ. ಕೈ ನುಡಿಸುತ್ತಿರುವಾಗಲೇ ಕಾಲು ಮುಂದಿನದನ್ನು ಯೋಚಿಸಬೇಕು! ಜಾಝ್ ಲೋಕ ಹಾರ್ಪನ್ನು ದೂರವಿಟ್ಟಿದ್ದಕ್ಕೆ ಇದೂ ಒಂದು ಕಾರಣ.

ಆದರೆ ಯಂಗರ್ ಮೊದಲಿಗರಲ್ಲ, ತಾವು ಮೊದಲಿಗರೆಂದು ಅವರು ಹೇಳಿಕೊಳ್ಳುವುದೂ ಇಲ್ಲ. ಡೆಟ್ರಾಯಿಟ್ ನಗರದ ಡೊರೊಥಿ ಆಶ್ಬಿ 1957ರಲ್ಲೇ ಜಾಝ್ ಹಾರ್ಪ್ ಆಲ್ಬಂ ಹೊರತಂದಿದ್ದರು. ಅದೇ ನಗರದ ಆ್ಯಲಿಸ್ ಕೋಲ್ಟ್ರೇನ್ ಎಳವೆಯಲ್ಲಿ ಚರ್ಚಿನಲ್ಲಿ ನುಡಿಸಿ ಬೆಳೆದವರು. ಪತಿ ಜಾನ್ ಕೋಲ್ಟ್ರೇನ್ ತರಿಸಲು ಹೇಳಿದ್ದ ಹಾರ್ಪ್ ಮನೆಗೆ ಬಂದಾಗ ಅವರು ತೀರಿಹೋಗಿದ್ದರು. 1967ರ ಆ ದುಃಖದಲ್ಲಿ ವಿಧವೆ ಆ ವಾದ್ಯವನ್ನೇ ಹಿಡಿದರು. 2007ರಲ್ಲಿ ಆ್ಯಲಿಸ್ ನಿಧನರಾದಾಗ ಸ್ಮರಣಾ ಕಾರ್ಯಕ್ರಮದಲ್ಲಿ ನುಡಿಸಲು ಅವರ ಮಗ ಕರೆದದ್ದು ಇಪ್ಪತ್ತರ ಹರೆಯದ ಯಂಗರ್ ಅವರನ್ನು. 2023ರಲ್ಲಿ ಯಂಗರ್ ಆಶ್ಬಿಯವರ ರಚನೆಗಳಿಗೆ ಹೊಸ ಜೀವ ಕೊಟ್ಟರು. 2025ರ ಆಲ್ಬಮನ್ನಂತೂ ದುರಸ್ತಿಗೊಂಡ ಆ್ಯಲಿಸ್ ಅವರ ಹಾರ್ಪಿನಲ್ಲೇ ನುಡಿಸಿದ್ದಾರೆ.

ಇಲ್ಲಿ ನಮ್ಮ ಗಮನ ಸೆಳೆಯುವ ವಿಷಯ ಬೇರೆಯೇ ಇದೆ. ಪೆಡಲ್ ಹಾರ್ಪಿನ ಬೆಲೆ ಹಲವು ಲಕ್ಷ ರೂಪಾಯಿ. ಸಾಮಾನ್ಯ ಮನೆಯ ಹುಡುಗಿ ಆಶ್ಬಿಗೆ ಅದು ಸಿಕ್ಕಿದ್ದು ಹೇಗೆ? ಡೆಟ್ರಾಯಿಟಿನ ಕ್ಯಾಸ್ ಟೆಕ್ನಿಕಲ್ ಹೈಸ್ಕೂಲ್ ಎಂಬ ಸರಕಾರಿ ಶಾಲೆಯಲ್ಲಿ ಹಾರ್ಪ್ ಕಲಿಸುತ್ತಿದ್ದರು. ಶಾಲೆಯಲ್ಲಿ ವಾದ್ಯವಿತ್ತು, ಮಕ್ಕಳ ಕೈಗೂ ಸಿಗುತ್ತಿತ್ತು. ಪ್ರತಿಭೆಯ ಬಗ್ಗೆ ನಾವು ಭಾಷಣ ಮಾಡುತ್ತೇವೆ, ಬೀಗದ ಕೈ ಯಾರ ಬಳಿ ಇದೆ ಎಂದು ಕೇಳುವುದಿಲ್ಲ.

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಗಾಯನ ಮಂಡಳಿಗಳಿಗೆ ಕೊರತೆಯಿಲ್ಲ. ಆದರೆ ಕೀಬೋರ್ಡ್ ಭಾನುವಾರದ ಪೂಜೆ ಮುಗಿದೊಡನೆ ಕಪಾಟು ಸೇರುವ ಕಡೆಗಳೂ ಇವೆ. ಮಕ್ಕಳು ಮುಟ್ಟಿದರೆ ಹಾಳಾದೀತೆಂಬ ಭಯ. ಪೂಜೆಯಲ್ಲಿ ಜಾಝ್ ಬೇಕೆಂದು ನಾವು ಹೇಳುತ್ತಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯ 1963ರ ಆರಾಧನಾ ದಾಖಲೆ ಪೈಪ್ ಆರ್ಗನ್‌ಗೆ ಗೌರವದ ಸ್ಥಾನ ಕೊಟ್ಟು, ಆರಾಧನೆಗೆ ತಕ್ಕ ಬೇರೆ ವಾದ್ಯಗಳಿಗೂ ಅಧಿಕಾರಿಗಳ ಒಪ್ಪಿಗೆಯೊಂದಿಗೆ ಅವಕಾಶ ನೀಡಿದೆ. ನಾವು ಕೇಳುವುದಿಷ್ಟೇ: ವಾರದಲ್ಲಿ ಎರಡು ಸಂಜೆ ಆ ಕಪಾಟನ್ನು ತೆರೆದು, ಕಲಿಸಬಲ್ಲ ಒಬ್ಬರನ್ನು ಅಲ್ಲಿ ಕೂರಿಸಲಾಗದೇ? ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಈ ವಿಷಯ ಬರಲಿ. ಸ್ವಂತ ವಾದ್ಯವಿಲ್ಲದ ಮನೆಗಳ ಮಕ್ಕಳ ಹೆಸರನ್ನು ಮೊದಲು ಬರೆದುಕೊಳ್ಳಲಿ.